ಪೌಲ ನಿಮಗೆ, ಯಾಕೋಬ ಪಕ್ಕದ ಮನೆಗೆ?

ನಿಮ್ಮದೊಂದು ಅಭ್ಯಾಸವನ್ನು ಬಹಳ ದಿನದಿಂದ ನೋಡುತ್ತಾ ಬಂದಿದ್ದೇನೆ. ಬೇಸರ ಮಾಡಿಕೊಳ್ಳದೆ ಕೇಳಿ. ನಿಮ್ಮ ತಪ್ಪಿನ ಮಾತು ಬಂದಾಗ ನೀವು ಪೌಲನ ಕಡೆಯವರು. "ಎಲ್ಲಾ ಕೃಪೆಯೇ ಅಲ್ವಾ, ನಂಬಿದ್ದೇವೆ, ರಕ್ಷಣೆ ಸಿಕ್ಕಿದೆ, ನಾವು ಮಾಡುವುದೇನಿದೆ" ಎಂದು ಕೈ ತೊಳೆದುಕೊಳ್ಳುತ್ತೀರಿ. ಪಕ್ಕದ ಮನೆಯ ಹುಡುಗ ಕುಡಿದು ಬಂದನೆಂದರೆ, ನಾದಿನಿ ಸಾಲ ತೀರಿಸಲಿಲ್ಲವೆಂದರೆ, ಅದೇ ಬಾಯಿಗೆ ಥಟ್ಟನೆ ಯಾಕೋಬ ನೆನಪಾಗುತ್ತಾನೆ. "ನಡತೆ ಇಲ್ಲದ ಮೇಲೆ ಅದೆಂಥ ನಂಬಿಕೆ? ಭಾನುವಾರ ಮುಂದಿನ ಬೆಂಚಿನಲ್ಲಿ ಕೂತರಾಯಿತೇ?" ತನ್ನ ಬೆನ್ನು ತನಗೆ ಕಾಣದು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ನಾನು ಹೇಳುವುದು ಇಷ್ಟೇ: ಇಬ್ಬರನ್ನೂ ಅದಲುಬದಲು ಮಾಡಿಕೊಳ್ಳಿ. ಯಾಕೋಬನನ್ನು ನಿಮ್ಮ ಮನೆಗೆ ಕರೆದುಕೊಳ್ಳಿ, ಪೌಲನನ್ನು ಪಕ್ಕದ ಮನೆಗೆ ಕಳಿಸಿ. ನಿಮ್ಮ ಆಲಸ್ಯಕ್ಕೆ ವಿಧೇಯತೆಯ ಪಾಠ ಬೇಕು. ಬಿದ್ದವರಿಗೆ ಬೇಕಾದದ್ದು ಕೃಪೆಯ ಸುದ್ದಿ. ಈಗ ನಡೆಯುತ್ತಿರುವುದು ಪೂರಾ ತಲೆಕೆಳಗು.

ಹಾಗೆ ಮಾಡಬೇಕಾದರೆ ಮೊದಲು ಇವರಿಬ್ಬರೂ ಏನು ಹೇಳಿದರು ಎಂದು ಗೊತ್ತಿರಬೇಕಲ್ಲ. ಗೋಡೆಯ ಕ್ಯಾಲೆಂಡರಿನ ವಾಕ್ಯವೂ ಹೊಸ ವರ್ಷದ ರಾತ್ರಿ ಆರಾಧನೆಯಲ್ಲಿ ಎತ್ತಿಕೊಂಡ ವಾಗ್ದಾನದ ಚೀಟಿಯೂ ಇದಕ್ಕೆ ಸಾಲವು. (ಆ ಚೀಟಿಗಳಲ್ಲಿ ಆಶೀರ್ವಾದ ಧಾರಾಳವಾಗಿರುತ್ತದೆ. ನಿನ್ನ ಅಣ್ಣನ ಹತ್ತಿರ ಹೋಗಿ ರಾಜಿಯಾಗು ಎಂಬ ಚೀಟಿ ಯಾರಿಗಾದರೂ ಬಂದದ್ದನ್ನು ನಾನಂತೂ ಕಂಡಿಲ್ಲ.) ಬೈಬಲನ್ನೇ ತೆಗೆಯಿರಿ, ಆದಿಕಾಂಡಕ್ಕೆ ಹೋಗಿ. ಪೌಲನೂ ಯಾಕೋಬನೂ ಸಾಕ್ಷಿಗೆ ಕರೆದದ್ದು ಒಬ್ಬನೇ ಮನುಷ್ಯನನ್ನು, ಅಬ್ರಹಾಮನನ್ನು. ಅವನ ಕಥೆಯನ್ನು ಅಧ್ಯಾಯಗಳ ಕ್ರಮದಲ್ಲಿ ಓದಿದರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

ಹನ್ನೆರಡನೆಯ ಅಧ್ಯಾಯದಲ್ಲಿ, 75 ವರ್ಷದವನಾಗಿದ್ದಾಗ, ದೇವರ ಮಾತು ಕೇಳಿ ಹಾರಾನಿನಿಂದ ಹೊರಡುತ್ತಾನೆ. ಎಲ್ಲಿಗೆ ಎಂದು ತಿಳಿಯದೆಯೇ ಹೊರಟ. ಹದಿನೈದನೆಯ ಅಧ್ಯಾಯದಲ್ಲಿ ದೇವರು ಅವನನ್ನು ಹೊರಗೆ ಕರೆದು ನಕ್ಷತ್ರಗಳನ್ನು ತೋರಿಸಿ, ನಿನ್ನ ಸಂತಾನ ಇಷ್ಟಾಗುತ್ತದೆ ಎನ್ನುತ್ತಾನೆ. ಅಬ್ರಹಾಮ ನಂಬುತ್ತಾನೆ. ಅಷ್ಟಕ್ಕೇ ದೇವರು ಅವನನ್ನು ನೀತಿವಂತನೆಂದು ಎಣಿಸಿದ. ಮಗು ಹುಟ್ಟಿಲ್ಲ, ಸುನ್ನತಿಯಾಗಿಲ್ಲ, ದೊಡ್ಡ ತ್ಯಾಗ ಯಾವುದೂ ನಡೆದಿಲ್ಲ. ಇಷ್ಮಾಯೇಲ ಹುಟ್ಟುವಾಗ ಅವನಿಗೆ 86, ಸುನ್ನತಿಯಾಗುವಾಗ 99, ಇಸಾಕ ಹುಟ್ಟುವಾಗ 100. ಇಸಾಕನನ್ನು ಮೊರೀಯ ಬೆಟ್ಟಕ್ಕೆ ಕರೆದೊಯ್ದದ್ದು ಇಪ್ಪತ್ತೆರಡನೆಯ ಅಧ್ಯಾಯದಲ್ಲಿ. ಅಷ್ಟರಲ್ಲಿ ಆ ಹುಡುಗ ಯಜ್ಞದ ಸೌದೆಯನ್ನು ತಾನೇ ಹೊರುವಷ್ಟು ಬೆಳೆದಿದ್ದ.

ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಪೌಲ ನಿಲ್ಲುವುದು ಆದಿಕಾಂಡದ ಹದಿನೈದನೆಯ ಅಧ್ಯಾಯದಲ್ಲಿ. ದೇವರು ಅಬ್ರಹಾಮನನ್ನು ನೀತಿವಂತನೆಂದು ಎಣಿಸಿದ್ದು ಸುನ್ನತಿಗೆ ಮೊದಲೋ ಆಮೇಲೋ ಎಂಬುದು ಪೌಲನ ಪ್ರಶ್ನೆ. ಮೊದಲೇ, ಹದಿಮೂರು ವರ್ಷಕ್ಕೂ ಮೊದಲೇ. ಆದ್ದರಿಂದ ಯಾವ ಆಚಾರವನ್ನೂ ಮುಂದಿಟ್ಟುಕೊಂಡು ದೇವರ ಮುಂದೆ ಹೆಚ್ಚುಗಾರಿಕೆ ಹೇಳುವಂತಿಲ್ಲ. ತನ್ನ ಪತ್ರಿಕೆಯಲ್ಲಿ ಯಾಕೋಬ ನಿಲ್ಲುವುದು ಆದಿಕಾಂಡದ ಇಪ್ಪತ್ತೆರಡನೆಯ ಅಧ್ಯಾಯದಲ್ಲಿ. ಅಂದು ಎಣಿಕೆಗೆ ಬಂದ ನಂಬಿಕೆ ಬೆಟ್ಟ ಹತ್ತಿತೋ ಇಲ್ಲವೋ ಎಂದು ಅವನು ಕೇಳುತ್ತಾನೆ. ಹತ್ತಿತು. ಮನೆಯಲ್ಲೇ ಕೂತು "ನಂಬಿದ್ದೇನೆ" ಎನ್ನುತ್ತಿದ್ದರೆ ಅದನ್ನು ನಂಬಿಕೆ ಎಂದು ಯಾರು ಕರೆಯುತ್ತಿದ್ದರು?

ನಡುವಿನ ಅಧ್ಯಾಯಗಳನ್ನು ನೀವು ಹಾರಿಸಿಬಿಡುತ್ತೀರಿ, ಅದು ಇನ್ನೊಂದು ದುರಭ್ಯಾಸ. ಅಲ್ಲಿ ಅಬ್ರಹಾಮ ಎಡವುತ್ತಾನೆ. ಮಗುವಿಗಾಗಿ ಕಾಯಲಾರದೆ ಹಾಗರಳ ವಿಷಯದಲ್ಲಿ ಅವಸರ ಮಾಡುತ್ತಾನೆ. ದೇವರ ಮಾತು ಕೇಳಿ ನಗುತ್ತಾನೆ. ಗೆರಾರಿನಲ್ಲಿ ಜೀವಭಯಕ್ಕೆ ಹೆಂಡತಿಯನ್ನು ತಂಗಿ ಎಂದು ಹೇಳುತ್ತಾನೆ, ಐಗುಪ್ತದಲ್ಲಿ ಒಮ್ಮೆ ಸಿಕ್ಕಿಬಿದ್ದಿದ್ದರೂ ಮತ್ತೆ ಅದೇ ಸುಳ್ಳು. ಇಷ್ಟಾದರೂ ದೇವರು ಹದಿನೈದನೆಯ ಅಧ್ಯಾಯವನ್ನು ಹರಿದು ಹಾಕಲಿಲ್ಲ. ರಾತ್ರಿ ನಿದ್ದೆಗೆಟ್ಟು, ನನಗೆ ರಕ್ಷಣೆ ಇದೆಯೋ ಇಲ್ಲವೋ ಎಂದು ಹೊರಳಾಡುವವರು ನಿಮ್ಮಲ್ಲಿ ಇದ್ದೀರಿ, ನನಗೆ ಗೊತ್ತು. ನೀವು ಯಾಕೋಬನನ್ನು ಸ್ವಲ್ಪ ದಿನ ಮುಚ್ಚಿಟ್ಟು ಈ ನಡುವಿನ ಅಧ್ಯಾಯಗಳನ್ನೇ ಓದಿ. ಅದಲುಬದಲು ಎಂದೆನಲ್ಲ, ಅದು ನಿಮಗೆ ಅನ್ವಯಿಸುವುದಿಲ್ಲ. ತಮ್ಮನ್ನೇ ಹೊಡೆದುಕೊಳ್ಳುವವರ ಕೈಗೆ ಮತ್ತೊಂದು ಕೋಲು ಕೊಡಬಾರದು.

ಪೌಲ, ಯಾಕೋಬ ಒಬ್ಬರಿಗೊಬ್ಬರು ಆಗದವರು ಎಂದು ಯಾರೋ ನಿಮ್ಮ ತಲೆಯಲ್ಲಿ ತುಂಬಿರುತ್ತಾರೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಹಾಗೆ ಅವರಿಬ್ಬರನ್ನೂ ಒಂದೇ ನೊಗಕ್ಕೆ ಕಟ್ಟಿ ತಮಾಷೆ ನೋಡುವವರಿದ್ದಾರೆ. ನಡೆದದ್ದನ್ನು ಕೇಳಿ. ಕ್ರಿಸ್ತಶಕ 50ರ ಆಸುಪಾಸು. ಯೆಹೂದ್ಯರಲ್ಲದವರು ಯೇಸುವನ್ನು ನಂಬಿದರೆ ಸಾಲದು, ಸುನ್ನತಿಯೂ ಆಗಬೇಕು ಎಂದು ಕೆಲವರು ಹಟ ಹಿಡಿದರು. ಯೆರೂಸಲೇಮಿನಲ್ಲಿ ಹಿರಿಯರು ಸೇರಿದರು. ಅಪೊಸ್ತಲರ ಕೃತ್ಯಗಳು ಹದಿನೈದನೆಯ ಅಧ್ಯಾಯದಲ್ಲಿದೆ. ಚರ್ಚೆಯೆಲ್ಲ ಮುಗಿದ ಮೇಲೆ, ದೇವರ ಕಡೆಗೆ ತಿರುಗಿಕೊಂಡ ಅನ್ಯಜನರಿಗೆ ತೊಂದರೆ ಕೊಡಬಾರದು ಎಂದು ತೀರ್ಪು ಹೇಳಿದವನು ಯಾರು? ಯಾಕೋಬ. ಯಾಕೋಬನ ಪತ್ರಿಕೆಯನ್ನು ಯಾರು ಬರೆದನೆಂದು ಸಭೆಯ ಪರಂಪರೆ ಹೇಳುತ್ತದೋ, ಅದೇ ಯೆರೂಸಲೇಮಿನ ಯಾಕೋಬ. ಕೃಪೆಯ ಬಾಗಿಲು ತೆರೆದಿಟ್ಟವರಲ್ಲಿ ಅವನೂ ಒಬ್ಬ.

ಪೌಲ ಗಲಾತ್ಯದವರಿಗೆ ಬರೆಯುವಾಗ ಇನ್ನೊಂದು ಸಂಗತಿ ಹೇಳುತ್ತಾನೆ. ಯಾಕೋಬ, ಕೇಫ, ಯೋಹಾನರು ತನಗೆ ಬಲಗೈ ಕೊಟ್ಟು ಅನ್ಯೋನ್ಯತೆ ತೋರಿಸಿದರು, ಬಡವರನ್ನು ಮರೆಯಬೇಡ ಎಂಬುದೊಂದೇ ಮಾತು ಕೇಳಿಕೊಂಡರು, ಅದರಲ್ಲಿ ತನಗೂ ಆಸಕ್ತಿಯಿತ್ತು ಎಂದು. ದೇವಶಾಸ್ತ್ರದ ಪುಸ್ತಕಗಳಲ್ಲಿ ಇಬ್ಬರನ್ನೂ ಎದುರುಬದುರು ನಿಲ್ಲಿಸುವವರು ಈ ಸಣ್ಣ ವಾಕ್ಯವನ್ನು ದಾಟಿ ಹೋಗುತ್ತಾರೆ. ಪೌಲ ದಾಟಿ ಹೋಗಲಿಲ್ಲ. ಮಕೆದೋನ್ಯದಲ್ಲಿ, ಕೊರಿಂಥದಲ್ಲಿ, ತಾನು ಸ್ಥಾಪಿಸಿದ ಸಭೆಗಳಲ್ಲಿ ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸಿದ. ಮಕೆದೋನ್ಯದವರು ತಾವೇ ಬಡವರಾಗಿದ್ದರೂ ಶಕ್ತಿ ಮೀರಿ ಕೊಟ್ಟರು. ಅದನ್ನು ಮುಟ್ಟಿಸಲು ಹೋದ ಪ್ರಯಾಣದಲ್ಲೇ ಯಾಕೋಬನನ್ನು ಕಂಡ, ಕೆಲವೇ ದಿನಗಳಲ್ಲಿ ದೇವಾಲಯದಲ್ಲಿ ಜನ ಅವನನ್ನು ಹಿಡಿದರು, ಸೆರೆಯಾದ. ಕ್ರಿಯೆಗಳಿಂದ ರಕ್ಷಣೆಯಿಲ್ಲ ಎಂದು ಅಷ್ಟು ಗಟ್ಟಿಯಾಗಿ ಬರೆದವನು ಬಡವರ ಕಾಣಿಕೆ ಹೊತ್ತುಕೊಂಡು ಹೋಗಿ ಬೇಡಿ ತೊಡಿಸಿಕೊಂಡ. ಇನ್ನು ಮೇಲೆ ಕಾಣಿಕೆಯ ತಟ್ಟೆ ಬರುವಾಗ ಪೌಲನ ಹೆಸರು ಹೇಳಿ ಜೇಬು ಮುಚ್ಚಬೇಡಿ.

ನಂಬಿಕೆಯೋ ಕ್ರಿಯೆಯೋ ಎಂಬ ಹದಿನಾರನೆಯ ಶತಮಾನದ ಜಗಳವನ್ನು ಇಲ್ಲಿ ಬಿಚ್ಚುವುದಿಲ್ಲ. ಲೂಥರ್ 1522ರಲ್ಲಿ ಜರ್ಮನ್ ಭಾಷೆಗೆ ತಂದ ಹೊಸ ಒಡಂಬಡಿಕೆಯ ಮುನ್ನುಡಿಯಲ್ಲಿ ಯಾಕೋಬನ ಪತ್ರಿಕೆಯನ್ನು ಹುಲ್ಲಿಗೆ ಹೋಲಿಸಿದ್ದು ನಿಜ. ಆದರೆ ಅದೇ ಪುಸ್ತಕದಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆಗೆ ಬರೆದ ಮುನ್ನುಡಿಯಲ್ಲಿ, ನಿಜವಾದ ನಂಬಿಕೆ ಸುಮ್ಮನೆ ಕೂರಲಾರದು, ಒಳ್ಳೆಯದನ್ನು ಮಾಡಬೇಕೆ ಎಂದು ಕೇಳುವ ಮೊದಲೇ ಮಾಡಿ ಮುಗಿಸಿರುತ್ತದೆ ಎಂಬ ಅರ್ಥದ ಮಾತನ್ನೂ ಬರೆದ. ಆ ಮುನ್ನುಡಿಯನ್ನು 1738ರ ಮೇ 24ರ ಸಂಜೆ ಲಂಡನ್ನಿನ ಒಂದು ಕೂಟದಲ್ಲಿ ಯಾರೋ ಓದುತ್ತಿದ್ದಾಗ ಜಾನ್ ವೆಸ್ಲಿಯ ಮನಸ್ಸು ಬೆಚ್ಚಗಾಯಿತು. ನಮ್ಮ ಬೀದರ್ ಕಡೆಯ ಮೆಥಡಿಸ್ಟ್ ಸಭೆಗಳೂ ಆ ವೆಸ್ಲಿಯ ಪರಂಪರೆಯವೇ. ಕಥೋಲಿಕರು ತಮ್ಮ ಮಾತನ್ನು 1547ರಲ್ಲಿ ಟ್ರೆಂಟ್ ಮಹಾಸಭೆಯಲ್ಲಿ ಹೇಳಿದರು. ನಾಲ್ಕೂವರೆ ಶತಮಾನ ಕಳೆದ ಮೇಲೆ, 1999ರ ಅಕ್ಟೋಬರ್ 31ರಂದು, ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಲೂಥರನ್ನರೂ ಕಥೋಲಿಕರೂ ಒಂದೇ ಹೇಳಿಕೆಗೆ ಸಹಿ ಹಾಕಿದರು. ದೇವರು ನಮ್ಮನ್ನು ಸ್ವೀಕರಿಸುವುದು ನಮ್ಮ ಯೋಗ್ಯತೆಗಾಗಿ ಅಲ್ಲ, ಕೃಪೆಯಿಂದ. ಹಾಗೆ ಸ್ವೀಕರಿಸಿದವರನ್ನು ಪವಿತ್ರಾತ್ಮನು ಒಳ್ಳೆಯ ಕೆಲಸಕ್ಕೆ ಸಜ್ಜುಗೊಳಿಸುತ್ತಾನೆ ಎಂಬುದು ಅದರ ತಿರುಳು. 2006ರಲ್ಲಿ ಮೆಥಡಿಸ್ಟರು ಸೇರಿಕೊಂಡರು, 2017ರಲ್ಲಿ ರಿಫಾರ್ಮ್ಡ್ ಸಭೆಗಳು. ಎಲ್ಲ ಭೇದವೂ ತೀರಿದೆ ಎಂದಲ್ಲ. ಆದರೂ ಬಾಸೆಲ್ ಮಿಷನ್ 1834ರಲ್ಲಿ ಕಾಲಿಟ್ಟ ಮಂಗಳೂರಿನಲ್ಲಿ, ಅದಕ್ಕೂ ಬಹಳ ಹಿಂದಿನಿಂದ ಇದ್ದ ಕಥೋಲಿಕರ ನೆರೆಯಲ್ಲಿ ಬಾಳುತ್ತಾ, ಮದುವೆ ಮನೆಯಲ್ಲಿ ಊಟದ ಎಲೆಯ ಮುಂದೆ ಈ ಹಳೆಯ ಜಗಳ ಕೆದಕುವವರಿಗೆ ಹೇಳುತ್ತೇನೆ: ದೊಡ್ಡವರು ಕೈ ಕುಲುಕಿ ಆಗಿದೆ, ನೀವು ಪಾಯಸ ಉಣ್ಣಿ.

ಈಗ ನಿಮ್ಮ ಮನೆಯ ಮಾತಿಗೆ ಬರೋಣ. ದತ್ತು ತಂದ ಮಗುವನ್ನು ನೆನೆಸಿಕೊಳ್ಳಿ. ಮನೆಗೆ ಬಂದ ಹೊಸದರಲ್ಲಿ ಅದು ಹೇಳದೆಯೇ ಕಸ ಗುಡಿಸುತ್ತದೆ, ತಟ್ಟೆ ತೊಳೆಯುತ್ತದೆ. ಮಾಡದಿದ್ದರೆ ವಾಪಸ್ ಕಳಿಸಿಬಿಡುತ್ತಾರೆಂಬ ಹೆದರಿಕೆ. ನೋಡುವ ತಾಯಿಗೆ ಕರುಳು ಹಿಂಡುತ್ತದೆ. ವರ್ಷಗಳು ಕಳೆದ ಮೇಲೆ ತಾಯಿಗೆ ಜ್ವರ ಬಂದ ದಿನ ಅದೇ ಮಗು ತಾನಾಗಿ ಎದ್ದು ಗಂಜಿ ಕಾಯಿಸುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಮನೆಗೆಲಸವೇ. ಮೊದಲನೆಯದು ಜಾಗ ಸಂಪಾದಿಸಿಕೊಳ್ಳಲು ಮಾಡಿದ್ದು, ಎರಡನೆಯದು ಜಾಗ ಸಿಕ್ಕಿದೆಯೆಂದು ಮಾಡಿದ್ದು. ತಾಯಿ ಜ್ವರದಲ್ಲಿ ನರಳುತ್ತಿದ್ದರೂ ಮೊಬೈಲ್ ಹಿಡಿದು ಕೂತವನು ಕಾಗದದಲ್ಲಿ ಮಗ, ಮನಸ್ಸಿನಲ್ಲಿ ಇನ್ನೂ ಅತಿಥಿ. ನಿಮ್ಮ ವಿಧೇಯತೆ ಇದರಲ್ಲಿ ಯಾವುದು ಎಂದು ನೀವೇ ನೋಡಿಕೊಳ್ಳಿ. ಉಪವಾಸ ಕೂಟಕ್ಕೆ ಹೋಗದಿದ್ದರೆ ದೇವರು ವ್ಯಾಪಾರ ಕೆಡಿಸಿಬಿಡುತ್ತಾನೆ ಎಂದು ಹೋಗುವವರು, ದಶಮಾಂಶ ಕೊಟ್ಟರೆ ಎರಡರಷ್ಟು ಬರುತ್ತದೆ ಎಂದು ಕೊಡುವವರು, ಇನ್ನೂ ಕಸ ಗುಡಿಸುವ ಹಂತದಲ್ಲೇ ಇದ್ದೀರಿ. ಸಭೆಗೆ ಕೊಟ್ಟ ಫ್ಯಾನಿನ ರೆಕ್ಕೆಯ ಮೇಲೆ ಹೆಸರು ಬರೆಸುವವರಿಗೂ ಇದೇ ಮಾತು.

ಹಾಗಾದರೆ ವಿಧೇಯತೆ ಎಲ್ಲಿಂದ ಶುರುವಾಗಬೇಕು? ನಿಮಗೆ ಈಗಾಗಲೇ ಗೊತ್ತಿರುವಲ್ಲಿಂದ. ಹೊಸ ದರ್ಶನಕ್ಕೆ ಕಾಯಬೇಡಿ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಆಸ್ತಿ ಭಾಗದಲ್ಲಿ ಅಣ್ಣನ ಮೇಲೆ ದಾವೆ ಹೂಡಿ, ವರ್ಷಗಟ್ಟಲೆ ಮುಖ ನೋಡದೆ, ತಿಂಗಳು ತಿಂಗಳು ಕರ್ತನ ಭೋಜನಕ್ಕೆ ಕೈ ಚಾಚುತ್ತೀರಿ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನೊಂದಿಗೆ ಒಂದಾಗು ಎಂದು ಯೇಸು ಬೆಟ್ಟದ ಪ್ರಸಂಗದಲ್ಲಿ ಹೇಳಿದ್ದು ನಿಮಗೆ ಬಾಯಿಪಾಠ. ಬಾಯಿಪಾಠವಾದದ್ದು ಕಾಲಿಗೂ ಇಳಿಯಲಿ. ರಾಜಿಯಾದರೆ ಆಸ್ತಿ ಬಿಟ್ಟುಕೊಡಬೇಕೆಂದಿಲ್ಲ. ಫೋನ್ ಮಾಡಿ ಮಾತಾಡಿ, ಅಷ್ಟಾದರೂ ಆಗಲಿ.

ಮನೆಗೆಲಸದಾಕೆಯ ಸಂಬಳ ಹಿಡಿಯಬೇಡಿ. ಊರಿಗೆ ಹೋಗುತ್ತಿದ್ದೇವೆ, ಬಂದ ಮೇಲೆ ಕೊಡುತ್ತೇವೆ ಎಂದು ಮುಂದೂಡಬೇಡಿ. ಕೂಲಿಯವರ ತಡೆಹಿಡಿದ ಸಂಬಳವೇ ಕೂಗುತ್ತದೆ ಎಂದು ಯಾಕೋಬ ಐದನೆಯ ಅಧ್ಯಾಯದಲ್ಲಿ ಎಚ್ಚರಿಸುತ್ತಾನೆ. ಸಭೆಗೆ ಬಂಗಾರದ ಉಂಗುರದವನು ಬಂದರೆ ಕುರ್ಚಿ ಎಳೆದು ಕೊಡುವುದು, ಹರಕು ಬಟ್ಟೆಯವನಿಗೆ ಮೂಲೆ ತೋರಿಸುವುದು ಬೇಡ ಎಂದೂ ಅವನೇ ಹೇಳಿದ್ದು. ನಿಮ್ಮ ಆಲಯದಲ್ಲಿ ಹಾಗೆ ನಡೆಯುವುದಿಲ್ಲ ಎನ್ನುತ್ತೀರಾ? ಮಗಳಿಗೆ ಗಂಡು ಹುಡುಕುವಾಗ, "ಒಳ್ಳೆಯ ವಿಶ್ವಾಸಿ ಕುಟುಂಬ" ಎಂದ ಮೇಲೆ ಅವರ ಹಿಂದಿನ ಜಾತಿ ಯಾವುದು ಎಂದು ದನಿ ತಗ್ಗಿಸಿ ಕೇಳುತ್ತೀರಲ್ಲ, ಆಗ ಯಾಕೋಬನ ಎರಡನೆಯ ಅಧ್ಯಾಯ ಎಲ್ಲಿ ಹೋಗಿರುತ್ತದೆ? ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ದೀಕ್ಷಾಸ್ನಾನದ ನೀರಿನಲ್ಲಿ ಮುಳುಗದೆ ಉಳಿದದ್ದು ಜಾತಿಯೊಂದೇ ಎಂದು ಕೆಲವೊಮ್ಮೆ ಅನಿಸುತ್ತದೆ.

ಜಕ್ಕಾಯನನ್ನು ನೋಡಿ ಕಲಿಯಿರಿ. ಯೇಸು ಮೊದಲು ಅವನ ಹೆಸರು ಹಿಡಿದು ಕರೆದು, ಇವತ್ತು ನಿನ್ನ ಮನೆಗೆ ಬರುತ್ತೇನೆ ಎಂದ. ಹಣ ಹಿಂದಿರುಗಿಸಿದರೆ ಬರುತ್ತೇನೆ ಎನ್ನಲಿಲ್ಲ. ಕೃಪೆ ಮೊದಲು ಮನೆಯೊಳಗೆ ಕಾಲಿಟ್ಟಿತು. ಆಮೇಲೆ ಜಕ್ಕಾಯ ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಎಂದು ಲೆಕ್ಕ ಒಪ್ಪಿಸಿದ. ಅವನು ನುಡಿದದ್ದು ಸಾಕ್ಷಿಯ ಭಾಷಣವಲ್ಲ, ರೂಪಾಯಿ ಆಣೆಯ ಮಾತು. ನಿಮ್ಮ ಸಾಕ್ಷಿಯಲ್ಲೂ ಅಂಥ ಒಂದೆರಡು ಲೆಕ್ಕಗಳು ಬರಲಿ.

ಇನ್ನೊಂದು ವಿಷಯದಲ್ಲಿ ನನಗೆ ಕೋಪವೇ ಇದೆ, ಹೇಳಿಬಿಡುತ್ತೇನೆ. ದೇವರಿಗೆ ವಿಧೇಯರಾಗುವುದನ್ನು ಮನುಷ್ಯರಿಗೆ ತಲೆಬಾಗುವುದರೊಂದಿಗೆ ಕಲಸಬೇಡಿ. ಸಭೆಯ ಹಣದ ಲೆಕ್ಕ ಕೇಳಿದರೆ ಅಭಿಷಿಕ್ತನಿಗೆ ಎದುರಾಡಿದಂತೆ ಎಂದು ಹೆದರಿಸುವ ನಾಯಕರಿದ್ದಾರೆ. ಎಫೆಸದವರಿಗೆ ಬರೆದ ಪತ್ರಿಕೆಯ ಒಂದೇ ವಾಕ್ಯ ಹಿಡಿದು ಹೆಂಡತಿಯ ಮೇಲೆ ಕೈಯೆತ್ತುವ ಗಂಡಂದಿರಿದ್ದಾರೆ. ಆ ವಾಕ್ಯದ ಹಿಂದೆ ಒಬ್ಬರಿಗೊಬ್ಬರು ಅಧೀನರಾಗಿರಿ ಎಂದಿದೆ, ಮುಂದೆ ಕ್ರಿಸ್ತನು ಸಭೆಗಾಗಿ ಪ್ರಾಣ ಕೊಟ್ಟ ಹಾಗೆ ಪ್ರೀತಿಸು ಎಂದು ಗಂಡನಿಗೆ ಹೇಳಿದೆ. ಹೊಡೆತ ತಿನ್ನುತ್ತಾ ಇದೇ ನನ್ನ ಶಿಲುಬೆ ಎಂದು ಸುಮ್ಮನಿರುವ ತಂಗಿಯರೇ, ಅದು ವಿಧೇಯತೆಯಲ್ಲ. ಮನೆ ಬಿಟ್ಟು ಸುರಕ್ಷಿತವಾದ ಕಡೆ ಹೋಗಿ, ನಂಬಿಕಸ್ಥರಿಗೆ ಹೇಳಿ, ಪೊಲೀಸರಿಗೆ ಹೇಳಬೇಕಾದರೆ ಹೇಳಿ. ಮನುಷ್ಯರಿಗಿಂತ ದೇವರ ಮಾತಿಗೆ ಕಿವಿಗೊಡಬೇಕು ಎಂದು ಅಪೊಸ್ತಲರು ಯೆರೂಸಲೇಮಿನ ಅಧಿಕಾರಿಗಳ ಎದುರಿಗೇ ಹೇಳಿದರು. ಜರ್ಮನಿಯ ದೀಟ್ರಿಖ್ ಬೋನ್‌ಹಾಫರ್ 1937ರಲ್ಲಿ ಶಿಷ್ಯತ್ವದ ಬಗ್ಗೆ ಒಂದು ಪುಸ್ತಕ ಬರೆದು, ಬದಲಾವಣೆ ಕೇಳದ ಅಗ್ಗದ ಕೃಪೆಯನ್ನು ಖಂಡಿಸಿದ. ನಂಬಿಕೆಯನ್ನೂ ವಿಧೇಯತೆಯನ್ನೂ ಬೇರ್ಪಡಿಸಬೇಡಿ ಎಂದ. ಅವನ ನಾಡಿನಲ್ಲಿ ಕೃಪೆಯ ಸಿದ್ಧಾಂತಕ್ಕೇನೂ ಬರವಿರಲಿಲ್ಲ. ಹಿಟ್ಲರನಿಗೆ ಎದುರು ನಿಲ್ಲುವ ವಿಧೇಯತೆಗೆ ಬರ ಬಂದಿತ್ತು. 1945ರ ಏಪ್ರಿಲ್ 9ರಂದು ಫ್ಲೋಸೆನ್‌ಬ್ಯೂರ್ಗ್ ಶಿಬಿರದಲ್ಲಿ ಅವನನ್ನು ಗಲ್ಲಿಗೇರಿಸಿದಾಗ ಅವನಿಗೆ 39 ವರ್ಷ.

ರೋಗಿಗಳ ಹಾಸಿಗೆಯ ಪಕ್ಕ ಕೂತು, ನಿಮಗೆ ನಂಬಿಕೆ ಸಾಲದು, ಅದಕ್ಕೇ ವಾಸಿಯಾಗಿಲ್ಲ ಎಂದು ಹೇಳುವವರು ದಯವಿಟ್ಟು ಮನೆಯಲ್ಲೇ ಇರಿ. ಮಗನ ಕಾಯಿಲೆಗೆ ಬಂದ ತಂದೆಯೊಬ್ಬ ತನ್ನಲ್ಲಿ ನಂಬಿಕೆಯೂ ಇದೆ, ಅಪನಂಬಿಕೆಯೂ ಇದೆ ಎಂದು ಅತ್ತಾಗ ಯೇಸು ಅವನನ್ನು ಪರೀಕ್ಷೆಯಲ್ಲಿ ನಪಾಸು ಮಾಡಲಿಲ್ಲ, ಮಗನನ್ನು ವಾಸಿಮಾಡಿದ. ಪೌಲ ತನ್ನ ಶರೀರದ ಮುಳ್ಳಿಗಾಗಿ ಮೂರು ಸಾರಿ ಬೇಡಿಕೊಂಡ, ಅದು ಹೋಗಲಿಲ್ಲ. ಪೌಲನಿಗೂ ನಂಬಿಕೆ ಕಡಿಮೆ ಎನ್ನುತ್ತೀರಾ? ತಿಮೊಥೆಯನ ಹೊಟ್ಟೆ ಕೆಟ್ಟಾಗ ಪೌಲ ಪ್ರಾರ್ಥನೆಯೊಂದೇ ಸಾಕು ಎನ್ನಲಿಲ್ಲ, ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದ. (ಆ ವಾಕ್ಯ ಹಿಡಿದುಕೊಂಡು ಸಾರಾಯಿ ಅಂಗಡಿಗೆ ಹೋಗಬೇಡಿ.) ಸಕ್ಕರೆ ಕಾಯಿಲೆಯ ಮಾತ್ರೆ, ಬಿಪಿ ಮಾತ್ರೆ ನಿಲ್ಲಿಸಿ ನಂಬಿಕೆ ತೋರಿಸುವುದು ಬೇಡ. ವೈದ್ಯರನ್ನು ಕೇಳದೆ ಯಾವುದನ್ನೂ ನಿಲ್ಲಿಸಬೇಡಿ.

ಶಿಲುಬೆಯ ಮೇಲಿನ ಕಳ್ಳನ ಮಾತು ಎತ್ತುತ್ತೀರಿ, ಗೊತ್ತು. ಅವನು ಏನೂ ಮಾಡದೆ ಪರದೈಸಿಗೆ ಹೋದನಲ್ಲ ಎಂದು. ಹೋದ, ಅದು ದೇವರ ಸಂತೋಷ. ಸಾಯುವ ಹಾಸಿಗೆಯಲ್ಲಿರುವವರಿಗೆ ಅವನ ಕಥೆಯನ್ನು ಧಾರಾಳವಾಗಿ ಹೇಳಿ. ಆದರೆ ಅವನೂ ಪೂರಾ ಸುಮ್ಮನಿರಲಿಲ್ಲ, ಓದಿ ನೋಡಿ. ಕೈಕಾಲು ಆಡದಿದ್ದರೂ ಆಡುತ್ತಿದ್ದ ನಾಲಿಗೆಯಿಂದ ಪಕ್ಕದವನ ನಿಂದೆಯನ್ನು ತಡೆದ, ತನ್ನ ತಪ್ಪು ಒಪ್ಪಿಕೊಂಡ, ಯೇಸು ನಿರಪರಾಧಿ ಎಂದ. ಅವನಿಗಿದ್ದದ್ದು ಕೆಲವೇ ಗಂಟೆ. ನಿಮಗೆ ಸೋಮವಾರವೂ ಇದೆ, ಮಂಗಳವಾರವೂ ಇದೆ. "ಆಮೆನ್" ಹೇಳುವುದರಲ್ಲಿ ನೀವು ಯಾರಿಗೂ ಕಡಿಮೆಯಿಲ್ಲ. ದ್ರಾಕ್ಷಿ ತೋಟಕ್ಕೆ ಹೋಗುತ್ತೇನೆ ಎಂದು ಹೇಳಿ ಹೋಗದೆ ಉಳಿದ ಮಗನೂ ಬಾಯಲ್ಲಿ ಚೆನ್ನಾಗಿಯೇ ಹೂಂಗುಟ್ಟಿದ್ದ.

ಕಡೆಯದಾಗಿ ಸಂಡೆ ಸ್ಕೂಲ್ ನಡೆಸುವವರಿಗೆ ಒಂದು ಮಾತು. ಮಾತು ಕೇಳದಿದ್ದರೆ ಯೇಸುವಿಗೆ ನೀನು ಇಷ್ಟವಾಗುವುದಿಲ್ಲ ಎಂದು ಮಕ್ಕಳನ್ನು ಹೆದರಿಸಬೇಡಿ. ಒಂದು ದಿನದ ಗಲಾಟೆ ತಡೆಯಲು ನೀವು ಬಳಸಿದ ಆ ವಾಕ್ಯ ಅವರ ತಲೆಯಲ್ಲಿ ನಲವತ್ತು ವರ್ಷ ಕೂತಿರುತ್ತದೆ. ಅಬ್ರಹಾಮನ ಪಾಠವನ್ನು ಮೊರೀಯ ಬೆಟ್ಟದಿಂದ ಆರಂಭಿಸಬೇಡಿ. ಚಿಕ್ಕ ತರಗತಿಗೆ ಪ್ರಯಾಣವೂ ನಕ್ಷತ್ರವೂ ಸಾಕು. ಇಪ್ಪತ್ತೆರಡನೆಯ ಅಧ್ಯಾಯವನ್ನು ದೃಢೀಕರಣದ ತರಗತಿಯವರೆಗೆ ಎತ್ತಿಡಿ, ಆಗ ಪೌಲನನ್ನೂ ಯಾಕೋಬನನ್ನೂ ಜೊತೆಗೇ ಓದಿಸಿ. ಅವರು ಎಡವಟ್ಟು ಪ್ರಶ್ನೆ ಕೇಳಿದರೆ, ಸುಮ್ಮನೆ ನಂಬು ಎಂದು ಬಾಯಿ ಮುಚ್ಚಿಸಬೇಡಿ. ಇದು ನನಗೆ ಹೇಗೆ ಗೊತ್ತಾಗಬೇಕು ಎಂದು ಅಬ್ರಹಾಮನೂ ದೇವರನ್ನು ಕೇಳಿದ, ನಂಬಿದ ಅದೇ ಹದಿನೈದನೆಯ ಅಧ್ಯಾಯದಲ್ಲಿ, ನಂಬಿದ ಎರಡೇ ವಾಕ್ಯಗಳ ನಂತರ.